ಕೋಡ್ ಸರಿ, ಹಸಿರು ದೀಪವೂ ಸರಿ, ಆದರೂ ತಿಜೋರಿಯ ಹ್ಯಾಂಡಲ್ ತಿರುಗುವುದಿಲ್ಲ: ಏನು ಮಾಡಬೇಕು?

ಪ್ರಶ್ನೆ: ನಮ್ಮಲ್ಲಿ ನಂಬರ್ ಒತ್ತಿ ತೆರೆಯುವ ತಿಜೋರಿ ಇದೆ. ಐದಾರು ವರ್ಷ ಯಾವ ತೊಂದರೆಯೂ ಇರಲಿಲ್ಲ. ಈಚೆಗೆ ಕೋಡ್ ಒತ್ತಿದರೆ ಹಸಿರು ದೀಪ ಬರುತ್ತದೆ, ಒಳಗೆ ‘ಟಕ್’ ಎನ್ನುತ್ತದೆ, ಹ್ಯಾಂಡಲ್ ಮಾತ್ರ ತಿರುಗುವುದಿಲ್ಲ. ಮೂರು ನಾಲ್ಕು ಸಲ ಪ್ರಯತ್ನಿಸಿದರೆ ಒಮ್ಮೆ ತೆರೆಯುತ್ತದೆ. ಕೆಲವೊಮ್ಮೆ ಕೊನೆಯ ಅಂಕಿ ಒತ್ತುತ್ತಲೇ ಕೀಪ್ಯಾಡ್ ದೀಪ ಆರಿಹೋಗುತ್ತದೆ. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿದ್ದೇವೆ. ಇದು ಸರ್ಕ್ಯೂಟಿನ ದೋಷವೋ ಬಾಗಿಲಿನ ದೋಷವೋ? ನಾವೇ ಏನೇನು ಪರೀಕ್ಷಿಸಬಹುದು?

ಉತ್ತರ: ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ಲಕ್ಷಣಗಳಿವೆ. ‘ಟಕ್’ ಶಬ್ದ ಬಂದ ಮೇಲೂ ಹ್ಯಾಂಡಲ್ ಬಿಗಿಯಾಗಿಯೇ ಇದ್ದರೆ ಅದು ಬಹುಮಟ್ಟಿಗೆ ಯಾಂತ್ರಿಕ ತೊಂದರೆ: ಅಗುಳಿಗಳ ಮೇಲೆ ಎಲ್ಲೋ ಒತ್ತಡ ಬಿದ್ದಿದೆ. ಕೊನೆಯ ಅಂಕಿಗೆ ದೀಪ ಆರುವುದು ವಿದ್ಯುತ್ತಿನ ತೊಂದರೆ: ಸೊಲೆನಾಯ್ಡ್ (ವಿದ್ಯುತ್ ಹರಿದಾಗ ಬೀಗದ ಪಿನ್ನನ್ನು ಎಳೆಯುವ ತಂತಿಸುರುಳಿ) ಕರೆಂಟ್ ಎಳೆದ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತಿದೆ. ಎರಡೂ ಒಟ್ಟಿಗೆ ಇದ್ದಾಗ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಒತ್ತಡದಲ್ಲಿ ಸಿಕ್ಕಿಕೊಂಡ ಪಿನ್ನನ್ನು ಎಳೆಯಲು ಹೆಚ್ಚು ಬಲ ಬೇಕು, ಸೊರಗಿದ ಬ್ಯಾಟರಿ ಕೊಡುವುದು ಕಡಿಮೆ ಬಲ. ಅದಕ್ಕೇ ಒಮ್ಮೆ ತೆರೆಯುತ್ತದೆ, ಮೂರು ಸಲ ತೆರೆಯುವುದಿಲ್ಲ.

ಮುಂದಿನ ಸಲ ಬಾಗಿಲು ತೆರೆದುಕೊಂಡ ಕೂಡಲೇ ಒಳಗಿನ ವಸ್ತುಗಳನ್ನು ಹೊರಗೆ ತೆಗೆದು ಸುರಕ್ಷಿತವಾಗಿ ಬೇರೆಡೆ ಇಡಿ. ದೋಷ ಸಿಗುವವರೆಗೆ ಬಾಗಿಲು ಮುಚ್ಚಬೇಡಿ. ಬಾಗಿಲು ತೆರೆದಿರುವಾಗ ಒಂದು ಸ್ಕ್ರೂಡ್ರೈವರ್, ವಿದ್ಯುತ್ ಅಳೆಯುವ ಒಂದು ಮಲ್ಟಿಮೀಟರಿನಿಂದ ಮುಗಿಯುವ ರಿಪೇರಿ, ಮುಚ್ಚಿಕೊಂಡ ಮೇಲೆ ಉಕ್ಕು ಕೊರೆಯುವ ಕೆಲಸವಾಗುತ್ತದೆ. ಆಗೊಮ್ಮೆ ಈಗೊಮ್ಮೆ ತೆರೆಯುವ ತಿಜೋರಿ ತಾನಾಗಿಯೇ ಸರಿಹೋಗುವುದಿಲ್ಲ. ಅದು ಕೊಡುತ್ತಿರುವುದು ಎಚ್ಚರಿಕೆ.

ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದರೆ ಮುಂದಿನದೆಲ್ಲ ಸುಲಭ. ಹ್ಯಾಂಡಲ್ ಇರುವ ತಿಜೋರಿಯಲ್ಲಿ ಎಲೆಕ್ಟ್ರಾನಿಕ್ ಭಾಗ ಬಾಗಿಲನ್ನು ತೆರೆಯುವುದಿಲ್ಲ, ಅಡ್ಡಿಯನ್ನು ಸರಿಸುತ್ತದೆ ಅಷ್ಟೆ. ದಪ್ಪ ಉಕ್ಕಿನ ಅಗುಳಿಗಳನ್ನು ಹಿಂದಕ್ಕೆ ಎಳೆಯುವುದು ನಿಮ್ಮ ಕೈ. ಆ ಅಗುಳಿಗಳನ್ನು ಹೊತ್ತ ಪಟ್ಟಿಗೆ ಅಡ್ಡಲಾಗಿ ಒಂದು ಸಣ್ಣ ಪಿನ್ ಅಥವಾ ಬೀಗದ ನಾಲಗೆ ನಿಂತಿರುತ್ತದೆ. ಸರಿಯಾದ ಕೋಡ್ ಒತ್ತಿದಾಗ ಸೊಲೆನಾಯ್ಡ್ ಆ ಪಿನ್ನನ್ನು ಕೆಲವು ಮಿಲಿಮೀಟರ್ ಒಳಗೆ ಎಳೆದು ಕೆಲವೇ ಸೆಕೆಂಡು ಹಿಡಿದಿರುತ್ತದೆ. ಮೋಟಾರ್ ಇರುವ ಬೀಗವಾದರೆ ನಾಲಗೆಯನ್ನು ಹಿಂದಕ್ಕೆ ಸರಿಸುತ್ತದೆ. ಆ ಅವಧಿಯಲ್ಲಿ ನೀವು ಹ್ಯಾಂಡಲ್ ತಿರುಗಿಸಬೇಕು. ಸಣ್ಣ ಬ್ಯಾಟರಿಯಿಂದ ಸಿಗುವ ಬಲ ಆ ಪಿನ್ನಿಗೆ ಸಾಕು, ಪಿನ್ನಿನ ಮೇಲೆ ಹ್ಯಾಂಡಲಿನ ಭಾರ ಬಿದ್ದಿದ್ದರೆ ಸಾಲುವುದಿಲ್ಲ. ಹಸಿರು ದೀಪದ ಅರ್ಥವೂ ಇಷ್ಟೇ: ಕೋಡ್ ಸರಿ ಇದೆ. ಪಿನ್ ನಿಜವಾಗಿ ಸರಿಯಿತೇ ಎಂಬುದನ್ನು ಸಾಮಾನ್ಯ ತಿಜೋರಿಗಳ ದೀಪ ಹೇಳುವುದಿಲ್ಲ.

ಹಾಗಾಗಿ, ಬಾಗಿಲು ಈಗ ಮುಚ್ಚಿಕೊಂಡೇ ಇದ್ದರೆ ಹೀಗೆ ಮಾಡಿ. ಕೋಡ್ ಒತ್ತುವ ಮೊದಲು ಹ್ಯಾಂಡಲನ್ನು ಬೀಗ ಹಾಕುವ ದಿಕ್ಕಿಗೆ, ಅಂದರೆ ತೆರೆಯುವುದಕ್ಕೆ ವಿರುದ್ಧವಾಗಿ, ಕೊನೆಯವರೆಗೆ ತಳ್ಳಿ ಅಲ್ಲೇ ಹಗುರವಾಗಿ ಹಿಡಿದುಕೊಳ್ಳಿ. ಇದರಿಂದ ಅಗುಳಿಯ ಪಟ್ಟಿ ಪಿನ್ನಿನಿಂದ ಸ್ವಲ್ಪ ದೂರ ಸರಿದು ಪಿನ್ ಬಿಡುವಾಗುತ್ತದೆ. ಅದೇ ಸ್ಥಿತಿಯಲ್ಲಿ ಕೋಡ್ ಒತ್ತಿ. ಶಬ್ದ ಬಂದ ಮೇಲೆ, ಮೋಟಾರ್ ಬೀಗವಾದರೆ ಅದರ ಗುರುಗುಟ್ಟುವಿಕೆ ಪೂರ್ತಿ ನಿಂತ ಮೇಲೆ, ಹ್ಯಾಂಡಲನ್ನು ತೆರೆಯುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಎಷ್ಟೋ ಜನ ಅವಸರದಲ್ಲಿ ಕೊನೆಯ ಅಂಕಿಯ ಜೊತೆಗೇ ಹ್ಯಾಂಡಲ್ ಎಳೆಯುತ್ತಾರೆ. ಆಗ ಪಿನ್ ಸರಿಯುವ ಮೊದಲೇ ಅದರ ಮೇಲೆ ಭಾರ ಬಿದ್ದು ಅಲ್ಲೇ ಕಚ್ಚಿಕೊಳ್ಳುತ್ತದೆ. ಈ ಒಂದು ಅಭ್ಯಾಸ ಬದಲಿಸಿದರೆ ‘ಕೆಟ್ಟುಹೋದ’ ತಿಜೋರಿಗಳಲ್ಲಿ ಅನೇಕವು ಅಲ್ಲೇ ತೆರೆದುಕೊಳ್ಳುತ್ತವೆ.

ಅದೂ ಆಗದಿದ್ದರೆ ಎರಡನೆಯವರೊಬ್ಬರನ್ನು ಕರೆಯಿರಿ. ಒಬ್ಬರು ಬಾಗಿಲಿಗೆ ಅಂಗೈ ಒತ್ತಿ, ಹ್ಯಾಂಡಲ್ ಇರುವ ಬದಿಯನ್ನು ಒಳಕ್ಕೆ ಗಟ್ಟಿಯಾಗಿ ತಳ್ಳಿ ಹಿಡಿಯಲಿ. ಇನ್ನೊಬ್ಬರು ಕೋಡ್ ಒತ್ತಿ ತಿರುಗಿಸಲಿ. ಒಳಗೆ ತುಂಬಿಟ್ಟ ಫೈಲು, ಪೆಟ್ಟಿಗೆ, ಚೀಲಗಳು ಬಾಗಿಲನ್ನು ಹೊರಕ್ಕೆ ದೂಡುತ್ತಿದ್ದರೆ ಅಥವಾ ಬಾಗಿಲಿನ ರಬ್ಬರ್ ಸೀಲ್ ಉಬ್ಬಿದ್ದರೆ ಅಗುಳಿಗಳು ಚೌಕಟ್ಟಿಗೆ ಒತ್ತಿಕೊಂಡು ನಿಂತಿರುತ್ತವೆ. ಒಳಕ್ಕೆ ತಳ್ಳಿದಾಗ ಆ ಉಜ್ಜಾಟ ಕಡಿಮೆಯಾಗುತ್ತದೆ. ಬಾಗಿಲು ಕೆಳಕ್ಕೆ ಜೋತುಬಿದ್ದಿರುವ ಅನುಮಾನವಿದ್ದರೆ ಒಳಕ್ಕೆ ತಳ್ಳುವುದರ ಜೊತೆಗೆ ಹ್ಯಾಂಡಲ್ ಬದಿಯನ್ನು ತುಸು ಮೇಲಕ್ಕೆ ಎತ್ತಿದಂತೆ ಹಿಡಿಯಿರಿ. ಹ್ಯಾಂಡಲಿಗೆ ಪೈಪ್ ತೂರಿಸಿ ಬಲ ಹಾಕುವುದು ಮಾತ್ರ ಬೇಡವೇ ಬೇಡ. ಅನೇಕ ಹ್ಯಾಂಡಲುಗಳಲ್ಲಿ ಅತಿಬಲ ಬಿದ್ದರೆ ಜಾರಲಿ ಎಂದೇ ಕ್ಲಚ್ ಅಥವಾ ಮುರಿಯಲಿ ಎಂದೇ ಮೆದು ಲೋಹದ ಪಿನ್ ಇಟ್ಟಿರುತ್ತಾರೆ. ಅದು ಮುರಿದರೆ ಹ್ಯಾಂಡಲ್ ಸುತ್ತಲೂ ಸಲೀಸಾಗಿ ತಿರುಗುತ್ತದೆ, ಅಗುಳಿಗಳು ಕದಲುವುದಿಲ್ಲ. ಆಮೇಲೆ ಕೋಡ್ ಸರಿ ಇದ್ದರೂ ಬಾಗಿಲು ತೆರೆಯದು.

ಈಗ ಬ್ಯಾಟರಿಯ ವಿಷಯ. ನಿಮ್ಮ ಎರಡನೆಯ ಲಕ್ಷಣದ ಮೂಲ ಇಲ್ಲಿದೆ. ‘ಹೊಸದು’ ಎಂದ ಮಾತ್ರಕ್ಕೆ ‘ಸಾಕಷ್ಟು ಕರೆಂಟ್ ಕೊಡಬಲ್ಲದು’ ಎಂದಲ್ಲ. ಅಂಕಿ ಒತ್ತಿದಾಗ ಬೀಪ್ ಮಾಡಿ ದೀಪ ಹೊತ್ತಿಸಲು ಬೇಕಾದದ್ದು ಕೆಲವೇ ಮಿಲಿ ಆಂಪಿಯರ್. ಸೊಲೆನಾಯ್ಡ್ ಎಳೆಯುವ ಕ್ಷಣದಲ್ಲಿ ಬೇಕಾಗುವುದು ನೂರಾರು ಮಿಲಿ ಆಂಪಿಯರ್. ಪ್ರತಿ ಬ್ಯಾಟರಿಗೂ ಒಳರೋಧ, ಅಂದರೆ ಕರೆಂಟಿಗೆ ಅದರೊಳಗೇ ಎದುರಾಗುವ ತಡೆ, ಇರುತ್ತದೆ, ಬಳಸಿದಷ್ಟೂ ಅದು ಏರುತ್ತದೆ. ಉದಾಹರಣೆಗೆ ಲೆಕ್ಕ ಹಾಕಿ: ಒಳರೋಧ 2 ಓಮ್ ಇರುವ 9 ವೋಲ್ಟ್ ಬ್ಯಾಟರಿಯಿಂದ ಅರ್ಧ ಆಂಪಿಯರ್ ಎಳೆದರೆ 1 ವೋಲ್ಟ್ ಮಾತ್ರ ಇಳಿಯುತ್ತದೆ. ಅದೇ ಒಳರೋಧ 8 ಓಮ್‌ಗೆ ಏರಿದ್ದರೆ 4 ವೋಲ್ಟ್ ಇಳಿಯುತ್ತದೆ. ಸುಮ್ಮನೆ ಇರುವಾಗ 8.5 ತೋರಿಸುವ ಬ್ಯಾಟರಿ ಕೆಲಸದ ಹೊತ್ತಿಗೆ 4.5ಕ್ಕೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಒಳಗಿನ ಚಿಪ್‌ಗೆ ವೋಲ್ಟೇಜ್ ಸಾಲದೆ ಅದು ಆರಿ ಮತ್ತೆ ಹೊಸದಾಗಿ ಶುರುವಾಗುತ್ತದೆ. ನಿಮಗೆ ಕಾಣುವುದು ಕೊನೆಯ ಅಂಕಿಗೆ ದೀಪ ಹೋದದ್ದು. ಎರಡು ನಿಮಿಷ ಬಿಟ್ಟು ನೋಡಿದರೆ ಬ್ಯಾಟರಿ ಸುಧಾರಿಸಿಕೊಂಡು ಕೀಪ್ಯಾಡ್ ಮತ್ತೆ ಬೀಪ್ ಎನ್ನುತ್ತದೆ. ‘ಬ್ಯಾಟರಿ ಚೆನ್ನಾಗಿಯೇ ಇದೆ’ ಎಂಬ ತಪ್ಪು ತೀರ್ಮಾನ ಹುಟ್ಟುವುದು ಇಲ್ಲೇ.

ಆದ್ದರಿಂದ ಬ್ಯಾಟರಿಯ ವೋಲ್ಟೇಜನ್ನು ಭಾರದಲ್ಲಿ, ಅಂದರೆ ಅದು ಕರೆಂಟ್ ಕೊಡುತ್ತಿರುವಾಗಲೇ, ಅಳೆಯಬೇಕು. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್ ಶ್ರೇಣಿಗೆ ಇಟ್ಟು, ಅದರ ಕಡ್ಡಿಗಳನ್ನು ಬ್ಯಾಟರಿಯ ತುದಿಗಳಿಗೆ ತಾಗಿಸಿಕೊಂಡೇ ಕೋಡ್ ಒತ್ತಿ. ಹೊಸ ಆಲ್ಕಲೈನ್ 9 ವೋಲ್ಟ್ ಬ್ಯಾಟರಿ ಸುಮ್ಮನಿರುವಾಗ 9.3ರಿಂದ 9.6 ತೋರಿಸಬೇಕು. ಸೊಲೆನಾಯ್ಡ್ ಎಳೆದ ಕ್ಷಣದಲ್ಲಿ 7ಕ್ಕಿಂತ ಕೆಳಗೆ ಬಿದ್ದರೆ ಆ ಬ್ಯಾಟರಿ ತಿಜೋರಿಗೆ ಬೇಡ. ನಾಲ್ಕು ಎಎ ಸೆಲ್ಲುಗಳ ತಿಜೋರಿಯಾದರೆ ಹೊಸ ಸೆಲ್ಲುಗಳ ಒಟ್ಟು 6.2ರಿಂದ 6.4 ಇರುತ್ತದೆ. ಸುಮ್ಮನಿರುವಾಗಲೇ 5.2ರ ಆಸುಪಾಸಿಗೆ ಬಂದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ಸೊರಗಿದ ಸೆಲ್ ಬೇಗ ಪೂರ್ತಿ ಬರಿದಾಗಿ ಸೋರಲು ಶುರುವಾಗುತ್ತದೆ.

ಹಾಕಬೇಕಾದದ್ದು ಆಲ್ಕಲೈನ್, ಅವಧಿ ಮುಗಿಯದೇ ಇರುವುದು. ‘ಹೆವಿ ಡ್ಯೂಟಿ’ ಎಂದು ಬರೆದಿರುವವು ಹೆಸರಿಗೆ ಮಾತ್ರ ಗಟ್ಟಿ. ಅವು ಸಾಮಾನ್ಯವಾಗಿ ಜಿಂಕ್-ಕಾರ್ಬನ್ ಬ್ಯಾಟರಿಗಳು, ಗೋಡೆ ಗಡಿಯಾರಕ್ಕೆ ಸಾಕು, ಸೊಲೆನಾಯ್ಡಿಗೆ ಸಾಲದು. ರೀಚಾರ್ಜ್ ಮಾಡುವ ಸೆಲ್ಲುಗಳು ಭಾರ ತಡೆಯುತ್ತವೆ ನಿಜ, ಆದರೆ ಒಂದೊಂದರ ವೋಲ್ಟೇಜ್ 1.5ರ ಬದಲು 1.2, ನಾಲ್ಕು ಸೇರಿದರೆ 4.8. ಕೆಲವು ತಿಜೋರಿಗಳು ಅದನ್ನು ‘ಬ್ಯಾಟರಿ ಮುಗಿಯುತ್ತಿದೆ’ ಎಂದೇ ಓದುತ್ತವೆ. ಲಿಥಿಯಂ ಬ್ಯಾಟರಿಯ ತೊಂದರೆ ಇನ್ನೊಂದು ಬಗೆಯದು. ಅದರ ವೋಲ್ಟೇಜ್ ಕೊನೆಯವರೆಗೂ ಸಮನಾಗಿದ್ದು ಥಟ್ಟನೆ ಬೀಳುತ್ತದೆ, ಮುನ್ಸೂಚನೆಯ ಬೀಪ್ ಕೇಳಿಸುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ತಯಾರಕರ ಕೈಪಿಡಿ ಸ್ಪಷ್ಟವಾಗಿ ಒಪ್ಪದಿದ್ದರೆ ಹಾಕಬೇಡಿ. ತಿಜೋರಿ ತಣ್ಣನೆಯ ಜಾಗದಲ್ಲಿದ್ದರೆ ಬ್ಯಾಟರಿಯ ಒಳರೋಧ ಇನ್ನೂ ಏರುತ್ತದೆ. ಹಗಲು ಸರಿಯಾಗಿದ್ದು ಚಳಿಯ ಬೆಳಗಿನಲ್ಲಿ ಮಾತ್ರ ಕೈಕೊಡುವ ತಿಜೋರಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿಯನ್ನೇ.

ಬ್ಯಾಟರಿಯ ತುದಿಯಲ್ಲಿ ವೋಲ್ಟೇಜ್ ನಿಲ್ಲುತ್ತಿದ್ದೂ ದೀಪ ಆರುತ್ತಿದ್ದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ ಎಂದರ್ಥ. ಅದೇ ಅಳತೆಯನ್ನು ಸರ್ಕ್ಯೂಟ್ ಬೋರ್ಡಿಗೆ ತಂತಿ ಸೇರುವ ಜಾಗದಲ್ಲಿ ಮಾಡಿ. ಬ್ಯಾಟರಿಯಲ್ಲಿ 8.5, ಬೋರ್ಡಿನಲ್ಲಿ 6 ಇದ್ದರೆ ನಡುವಿನ 2.5 ವೋಲ್ಟನ್ನು ತುಕ್ಕು ಹಿಡಿದ ಅಥವಾ ಸಡಿಲವಾದ ಸಂಪರ್ಕ ತಿನ್ನುತ್ತಿದೆ. ಸಾಮಾನ್ಯ ಅಪರಾಧಿಗಳು ಮೂರು: 9 ವೋಲ್ಟ್ ಬ್ಯಾಟರಿಯ ಗುಂಡಿಯಂಥ ಕ್ಲಿಪ್ ಅಗಲಗೊಂಡು ಸಡಿಲವಾದದ್ದು, ತಂತಿ ಹಿಡಿದು ಎಳೆದೆಳೆದು ಕ್ಲಿಪ್ಪಿನ ಬುಡದಲ್ಲಿ ಎಳೆಗಳು ಕಡಿದದ್ದು, ಎಎ ಸೆಲ್ಲಿನ ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತದ್ದು. ಅಗಲಗೊಂಡ ಕ್ಲಿಪ್ಪನ್ನು ಇಕ್ಕಳದಿಂದ ಹಗುರವಾಗಿ ಒತ್ತಿ ಬಿಗಿ ಮಾಡಬಹುದು. ಕಡಿದ ತಂತಿಯ ಕ್ಲಿಪ್ ಬದಲಿಸುವುದೇ ಸರಿ. ಆಲ್ಕಲೈನ್ ಸೆಲ್ ಸೋರಿದಾಗ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ, ಚರ್ಮ ಕಣ್ಣಿಗೆ ಒಳ್ಳೆಯದಲ್ಲ. ಕೈಗವಸು ಹಾಕಿ, ಸೆಲ್ಲುಗಳನ್ನು ತೆಗೆದು, ಹತ್ತಿಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ತಾಗಿಸಿ ಪುಡಿ ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮತ್ತೊಮ್ಮೆ ಒರೆಸಿ ಪೂರ್ತಿ ಒಣಗಿಸಿ. ಹುಳಿ ಅಲ್ಲೇ ಉಳಿದರೆ ಅದೂ ಲೋಹವನ್ನು ತಿನ್ನುತ್ತದೆ. ತಿಂಗಳುಗಟ್ಟಲೆ ತೆರೆಯದೆ ಬಿಡುವ ತಿಜೋರಿಯಲ್ಲಿ, ಬ್ಯಾಟರಿ ಹೊರಗಿನಿಂದ ಹಾಕುವಂತಿದ್ದರೆ ಅದನ್ನು ತೆಗೆದಿಡುವುದು ಒಳ್ಳೆಯದು. ಬಹುತೇಕ ಬೀಗಗಳಲ್ಲಿ ಬ್ಯಾಟರಿ ತೆಗೆದರೂ ಕೋಡ್ ಅಳಿಯುವುದಿಲ್ಲ. ಕೈಪಿಡಿಯಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

ಬಾಗಿಲು ತೆರೆದ ಮೇಲೆ ಮಾಡಬೇಕಾದ ಒಂದು ಪರೀಕ್ಷೆ ಇದೆ. ಉಳಿದೆಲ್ಲಕ್ಕಿಂತ ಇದು ಮುಖ್ಯ. ಬಾಗಿಲು ತೆರೆದೇ ಇರಲಿ. ಹ್ಯಾಂಡಲ್ ತಿರುಗಿಸಿ ಅಗುಳಿಗಳನ್ನು ಗಾಳಿಯಲ್ಲೇ ಹೊರಕ್ಕೆ ಬಿಡಿ, ಬೀಗ ಬೀಳಲಿ. ಈಗ ಕೋಡ್ ಒತ್ತಿ ತೆರೆಯಿರಿ. ಹೀಗೆ ಹತ್ತು ಸಲ ಮಾಡಿ. ಹತ್ತಕ್ಕೆ ಹತ್ತೂ ಸಲೀಸಾಗಿ ಆದರೆ ಬೀಗವೂ ಅಗುಳಿಯ ವ್ಯವಸ್ಥೆಯೂ ಸರಿ ಇವೆ, ದೋಷ ಬಾಗಿಲು ಮತ್ತು ಚೌಕಟ್ಟಿನ ಹೊಂದಾಣಿಕೆಯಲ್ಲಿದೆ. ತೆರೆದ ಬಾಗಿಲಿನಲ್ಲೂ ಕೈಕೊಟ್ಟರೆ ದೋಷ ಬೀಗದಲ್ಲಿ, ತಂತಿಯಲ್ಲಿ ಅಥವಾ ಅಗುಳಿಯ ಪಟ್ಟಿಯಲ್ಲಿದೆ. ಅಗುಳಿ ಹೊರಗಿರುವಾಗ ಯಾರೂ ಬಾಗಿಲನ್ನು ತಳ್ಳದಂತೆ ನೋಡಿಕೊಳ್ಳಿ. ಚೌಕಟ್ಟಿಗೆ ಬಡಿದರೆ ಅಗುಳಿಯೋ ಪಟ್ಟಿಯೋ ಬಾಗುತ್ತದೆ.

ಮೊದಲನೆಯ ಫಲಿತಾಂಶ ಬಂದರೆ ಬಾಗಿಲಿನ ಸುತ್ತಲಿನ ಸಂದು ನೋಡಿ. ಮುಚ್ಚಿದಂತೆ ನಿಲ್ಲಿಸಿ (ಅಗುಳಿ ಒಳಗಿರಲಿ, ಬೀಗ ಬೀಳಿಸಬೇಡಿ) ಮೇಲೆ, ಕೆಳಗೆ, ಪಕ್ಕದಲ್ಲಿ ಸಂದು ಒಂದೇ ಅಳತೆಯಲ್ಲಿದೆಯೇ ಗಮನಿಸಿ. ಕೀಲಿನ ಬದಿಯಲ್ಲಿ ಮೇಲೆ ಅಗಲ, ಹ್ಯಾಂಡಲ್ ಬದಿಯಲ್ಲಿ ಕೆಳಗೆ ಕಿರಿದು ಎಂದಾದರೆ ಬಾಗಿಲು ಜೋತುಬಿದ್ದಿದೆ. ಕೀಲಿನ ಸ್ಕ್ರೂ ಸಡಿಲವಾಗಿರಬಹುದು, ಕೀಲಿನ ವಾಷರ್ ಸವೆದಿರಬಹುದು. ಅದಕ್ಕಿಂತ ಹೆಚ್ಚಾಗಿ ಕಾಣುವ ಕಾರಣವೆಂದರೆ ತಿಜೋರಿಯ ಬುಡವೇ ಸಮತಟ್ಟಾಗಿಲ್ಲದಿರುವುದು. ಏರುಪೇರಿನ ನೆಲಕ್ಕೆ ಆಂಕರ್ ಬೋಲ್ಟ್ ಹಾಕಿ ಬಿಗಿದಾಗ ಡಬ್ಬಿಯ ಮೈ ತುಸು ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಒಂದೆರಡು ಮಿಲಿಮೀಟರ್ ತಿರುಚು ಸಾಕು, ಅಗುಳಿಗಳು ತಮ್ಮ ರಂಧ್ರದ ಅಂಚಿಗೆ ಉಜ್ಜುತ್ತವೆ. ಪರೀಕ್ಷೆ ಸುಲಭ: ಆಂಕರ್ ಬೋಲ್ಟುಗಳನ್ನು ಎರಡು ಸುತ್ತು ಸಡಿಲಿಸಿ ಹ್ಯಾಂಡಲ್ ತಿರುಗಿಸಿ ನೋಡಿ. ಈಗ ಸಲೀಸಾದರೆ ರಸಮಟ್ಟ ಇಟ್ಟು, ತಗ್ಗಿದ ಮೂಲೆಯ ಕೆಳಗೆ ತೆಳು ಉಕ್ಕಿನ ತಗಡು ಕೊಟ್ಟು ಮತ್ತೆ ಬಿಗಿಯಿರಿ. ಮರದ ಚೂರು, ರಟ್ಟು ಇಡಬೇಡಿ. ಭಾರಕ್ಕೆ ಅವು ಕುಗ್ಗಿ ಆರು ತಿಂಗಳಲ್ಲಿ ಅದೇ ತೊಂದರೆ ಮರಳುತ್ತದೆ. ರತ್ನಗಂಬಳಿಯ ಮೇಲೆ ಕೂರಿಸಿದ ತಿಜೋರಿಗೂ ಇದೇ ಗತಿ.

ಯಾವ ಅಗುಳಿ ಉಜ್ಜುತ್ತಿದೆ ಎಂದು ತಿಳಿಯಲು ಪ್ರತಿ ಅಗುಳಿಯ ತುದಿಗೂ ಪಕ್ಕಕ್ಕೂ ಸೀಮೆಸುಣ್ಣ ಬಳಿಯಿರಿ. ಬಾಗಿಲು ಮುಚ್ಚಿ, ಹ್ಯಾಂಡಲನ್ನು ಸಾಧ್ಯವಾದಷ್ಟು ಕಡಿಮೆ ತಿರುಗಿಸಿ, ಬೀಗ ಬೀಳುವ ಮೊದಲೇ ಹಿಂದಕ್ಕೆ ತಂದು ತೆರೆಯಿರಿ. ಅರ್ಧ ತಿರುವಿನಲ್ಲೇ ತಾನಾಗಿ ಬೀಗ ಬೀಳುವ ಮಾದರಿಯಾದರೆ ಈ ಪ್ರಯೋಗಕ್ಕೆ ಮೊದಲು ಬ್ಯಾಟರಿ ಗಟ್ಟಿಯಾಗಿದೆ, ತೆರೆದ ಬಾಗಿಲಿನ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಬಂದಿದೆ, ತುರ್ತು ಕೀಲಿ ಇದ್ದರೆ ಕೈಯಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಸುಣ್ಣ ಅಳಿಸಿದ ಜಾಗವೇ ಉಜ್ಜುವ ಜಾಗ. ಎಲ್ಲ ಅಗುಳಿಗಳ ಮುಂಬದಿಯಲ್ಲಿ ಸಮನಾಗಿ ಅಳಿಸಿದ್ದರೆ ಬಾಗಿಲು ಪೂರ್ತಿ ಒಳಗೆ ಕೂರುತ್ತಿಲ್ಲ. ಆಗ ಸೀಲ್, ಚೌಕಟ್ಟಿನಲ್ಲಿ ಸಿಕ್ಕ ಕಸ, ಒಳಗಿನ ಶೆಲ್ಫ್ ಮುಂದೆ ಚಾಚಿರುವುದು, ಇವನ್ನು ನೋಡಿ. ಒಂದೇ ಮೂಲೆಯಲ್ಲಿ ಅಳಿಸಿದ್ದರೆ ಜೋತುಬಿದ್ದ ಬಾಗಿಲು ಅಥವಾ ತಿರುಚಿದ ಡಬ್ಬಿ. ಅಗುಳಿಯನ್ನೋ ಚೌಕಟ್ಟನ್ನೋ ಅರದಿಂದ ತಿಕ್ಕಿ ಜಾಗ ಮಾಡಲು ಹೋಗಬೇಡಿ. ಕಾರಣ ಹಾಗೇ ಉಳಿಯುತ್ತದೆ, ಭದ್ರತೆ ಮಾತ್ರ ಕಡಿಮೆಯಾಗುತ್ತದೆ.

ಎರಡನೆಯ ಫಲಿತಾಂಶ, ಅಂದರೆ ತೆರೆದ ಬಾಗಿಲಿನಲ್ಲೂ ಕೈಕೊಡುವುದು, ಒಳಗಿನ ಮುಚ್ಚಳ ತೆಗೆಯಲು ಹೇಳುತ್ತದೆ. ಇಲ್ಲಿ ಒಂದು ಗಂಭೀರ ಎಚ್ಚರಿಕೆ. ಉತ್ತಮ ದರ್ಜೆಯ ತಿಜೋರಿಗಳಲ್ಲಿ ರೀಲಾಕರ್ ಎಂಬ ಮರುಬೀಗ ಇರುತ್ತದೆ. ಯಾರಾದರೂ ಬೀಗವನ್ನು ಒಡೆದರೆ ಸ್ಪ್ರಿಂಗಿನ ಬಲದಿಂದ ಒಂದು ಪಿನ್ ಹಾರಿ ಅಗುಳಿಗಳನ್ನು ಶಾಶ್ವತವಾಗಿ ತಡೆಯುತ್ತದೆ. ಕೆಲವು ಮಾದರಿಗಳಲ್ಲಿ ಬಾಗಿಲಿನ ಒಳಮುಚ್ಚಳವೇ, ಇನ್ನು ಕೆಲವಲ್ಲಿ ಬೀಗದ ಡಬ್ಬಿಯ ಮುಚ್ಚಳವೇ ಆ ಸ್ಪ್ರಿಂಗನ್ನು ಒತ್ತಿ ಹಿಡಿದಿರುತ್ತದೆ. ಆದ್ದರಿಂದ ಅಂಥ ತಿಜೋರಿಯ ಒಳಮುಚ್ಚಳವನ್ನಾಗಲಿ ಬೀಗದ ಡಬ್ಬಿಯನ್ನಾಗಲಿ ನೀವು ಬಿಚ್ಚಬೇಡಿ. ಸೊಲೆನಾಯ್ಡ್ ಬರಿಗಣ್ಣಿಗೆ ಕಾಣುವ ಸರಳ ತಿಜೋರಿಯಾದರೆ ಮುಂದುವರಿಯಬಹುದು. ಮುಚ್ಚಳ ತೆಗೆಯುವ ಮೊದಲು ಒಂದು ಫೋಟೊ, ತೆಗೆದ ಮೇಲೆ ತಂತಿಗಳ ಇನ್ನೊಂದು ಫೋಟೊ ತೆಗೆದುಕೊಳ್ಳಿ.

ಈಗ ಕೋಡ್ ಒತ್ತುತ್ತ ಸೊಲೆನಾಯ್ಡಿನ ಎರಡು ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯ ಹತ್ತಿರಹತ್ತಿರದ ವೋಲ್ಟೇಜ್ ಬಂದೂ ಪಿನ್ ಕದಲದಿದ್ದರೆ ಸೊಲೆನಾಯ್ಡ್ ಸುಟ್ಟಿದೆ ಅಥವಾ ಪಿನ್ ಕಚ್ಚಿಕೊಂಡಿದೆ. ವೋಲ್ಟೇಜೇ ಬರದಿದ್ದರೆ ತಂತಿ ಅಥವಾ ಬೋರ್ಡ್. ಬ್ಯಾಟರಿ ತೆಗೆದು, ಸೊಲೆನಾಯ್ಡಿನ ತಂತಿ ಬಿಚ್ಚಿ ಓಮ್ ಅಳೆಯಿರಿ. ಸಾಮಾನ್ಯವಾಗಿ ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ವರೆಗೆ ಬರಬೇಕು. ಅನಂತ ತೋರಿಸಿದರೆ ಸುರುಳಿ ಕಡಿದಿದೆ, ಸೊನ್ನೆಗೆ ಹತ್ತಿರವಿದ್ದರೆ ಸುರುಳಿ ಒಳಗೇ ಶಾರ್ಟ್ ಆಗಿದೆ. ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುತ್ತದೆ. ಕರೆಂಟ್ ನಿಂತ ಕ್ಷಣದಲ್ಲಿ ಸುರುಳಿಯಿಂದ ಚಿಮ್ಮುವ ಹೆಚ್ಚಿನ ವೋಲ್ಟೇಜನ್ನು ಅದು ನುಂಗಿ ಬೋರ್ಡಿನ ಟ್ರಾನ್ಸಿಸ್ಟರನ್ನು ಕಾಪಾಡುತ್ತದೆ. ಡಯೋಡ್ ಶಾರ್ಟ್ ಆದರೆ ಬ್ಯಾಟರಿ ಕೂಡಲೇ ಕುಸಿದು, ನೀವು ಹೇಳಿದ ಹಾಗೆಯೇ, ದೀಪ ಆರುತ್ತದೆ. ಸುರುಳಿಗೆ ಜೋಡಿಸಿದ್ದಂತೆ ಡಯೋಡನ್ನು ಅಳೆದರೆ ಸುರುಳಿಯ ಅಳತೆಯೇ ಬರುತ್ತದೆ, ಆದ್ದರಿಂದ ಒಂದು ಕಾಲು ಬಿಚ್ಚಿಯೇ ನೋಡಬೇಕು. ಸೊಲೆನಾಯ್ಡ್ ಬದಲಿಸುವಾಗ ಈ ಡಯೋಡನ್ನು ಮರೆತು ಬಿಟ್ಟವರು ಕೆಲವು ವಾರಗಳಲ್ಲಿ ಬೋರ್ಡನ್ನೂ ಬದಲಿಸಬೇಕಾಗಿ ಬರಬಹುದು. ಹೊಸ ಡಯೋಡಿನ ದಿಕ್ಕು ಹಳೆಯದರಂತೆಯೇ ಇರಲಿ.

ಪಿನ್ ಕಚ್ಚಿಕೊಳ್ಳುವುದಕ್ಕೆ ಹೆಚ್ಚಿನ ಸಲ ಕಾರಣ ಎಣ್ಣೆ. ಯಾರೋ ಸದುದ್ದೇಶದಿಂದ ಸ್ಪ್ರೇ ಮಾಡಿರುತ್ತಾರೆ, ಅದಕ್ಕೆ ಧೂಳು ಸೇರಿ ಅಂಟಾಗುತ್ತದೆ. ಸೊಲೆನಾಯ್ಡಿನ ಪಿನ್ ಒಣಗಿಯೇ ಓಡಾಡಬೇಕು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬೆರಳಿನಿಂದ ಒತ್ತಿ ಬಿಟ್ಟರೆ ಸ್ಪ್ರಿಂಗ್ ಬಲಕ್ಕೆ ಚಟಕ್ಕನೆ ಮರಳುತ್ತದೆಯೇ ನೋಡಿ. ಗ್ರೀಸ್ ಬೇಕಾಗಿರುವುದು ಅಗುಳಿಗಳ ಪಕ್ಕಕ್ಕೆ ಮತ್ತು ಪಟ್ಟಿ ಜಾರುವ ಜಾಗಕ್ಕೆ. ಹಳೆಯ ಗ್ರೀಸ್ ಒರೆಸಿ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಬೀಗದೊಳಗೆ, ಕೀಪ್ಯಾಡಿನೊಳಗೆ, ಬೋರ್ಡಿನ ಹತ್ತಿರ ಏನೂ ಹಾಕಬೇಡಿ. ಗ್ರಾಫೈಟ್ ಪುಡಿ ವಿದ್ಯುತ್ ಹರಿಸುತ್ತದೆ, ಸರ್ಕ್ಯೂಟ್ ಇರುವೆಡೆ ಅದಂತೂ ಕೂಡದು.

ಬೀಗ ಕೂತಿರುವ ಸ್ಕ್ರೂಗಳನ್ನು ಮುಟ್ಟಿ ನೋಡಿ. ವರ್ಷಗಳ ಅದುರಾಟಕ್ಕೆ ಅವು ಸಡಿಲಗೊಂಡು ಬೀಗ ಒಂದೆರಡು ಮಿಲಿಮೀಟರ್ ಸರಿದಿದ್ದರೆ, ಅದರ ನಾಲಗೆ ಅಗುಳಿಪಟ್ಟಿಗೆ ಸದಾ ತಾಗಿಕೊಂಡೇ ಇರುತ್ತದೆ. ಅಗುಳಿಗಳು ಪೂರ್ತಿ ಹೊರಗಿರುವಾಗ ನಾಲಗೆಗೂ ಪಟ್ಟಿಗೂ ನಡುವೆ ಸುಮಾರು 1 ಮಿಲಿಮೀಟರ್ ಬಿಡುವಿರಲಿ. ಈ ಬಿಡುವೇ ಇಲ್ಲದ ತಿಜೋರಿಯಲ್ಲಿ ಎಷ್ಟು ಬ್ಯಾಟರಿ ಬದಲಿಸಿದರೂ ತೊಂದರೆ ನಿಲ್ಲುವುದಿಲ್ಲ. ಸ್ಕ್ರೂ ಬಿಗಿಯುವಾಗ ಮಧ್ಯಮ ಬಲದ, ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಕೆಂಪು ಬೇಡ, ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಅತಿಯಾಗಿ ಬಿಗಿದರೂ ಬೀಗದ ಡಬ್ಬಿ ಬಾಗಿ ನಾಲಗೆ ಒಳಗೇ ಕಚ್ಚುತ್ತದೆ. ಹ್ಯಾಂಡಲ್ ದಂಡದ ಮೇಲಿನ ಅಲೆನ್ ಸ್ಕ್ರೂವನ್ನೂ ಇದೇ ಹೊತ್ತಿಗೆ ಪರೀಕ್ಷಿಸಿ. ಮುರಿದ ಮೆದು ಪಿನ್ ಇದ್ದರೆ ಅದೇ ಲೋಹದ್ದನ್ನೇ ಹಾಕಿ. ಗಟ್ಟಿ ಉಕ್ಕಿನ ಮೊಳೆ ತೂರಿಸಿದರೆ ಮುಂದಿನ ಸಲ ಮುರಿಯುವುದು ಅದಕ್ಕಿಂತ ದೊಡ್ಡ ಭಾಗ.

ಕೀಪ್ಯಾಡಿನಿಂದ ಬೀಗಕ್ಕೆ ಹೋಗುವ ತಂತಿ ಬಾಗಿಲಿನ ರಂಧ್ರದ ಮೂಲಕ ಹಾದುಹೋಗುತ್ತದೆ. ಬ್ಯಾಟರಿ ಬದಲಿಸಲು ಕೀಪ್ಯಾಡನ್ನು ತಿರುಗಿಸಿ ತೆಗೆಯುವ ಮಾದರಿಗಳಲ್ಲಿ ಆ ತಂತಿ ಮರಳಿ ಕೂರಿಸುವಾಗ ಅಂಚಿಗೆ ಸಿಕ್ಕಿ ಸವೆಯುತ್ತದೆ. ನಿಮ್ಮ ತೊಂದರೆ ಬ್ಯಾಟರಿ ಬದಲಿಸಿದ ಆಸುಪಾಸಿನಲ್ಲೇ ಶುರುವಾಗಿದ್ದರೆ ಇದನ್ನು ಮೊದಲೇ ನೋಡಿ. ಗುಣಮಟ್ಟದ ಬೀಗಗಳಲ್ಲಿ ಕೋಡ್ ಉಳಿಯುವುದು ಬಾಗಿಲಿನ ಒಳಗಿರುವ ಬೀಗದಲ್ಲಿ, ಹೊರಗಿನ ಕೀಪ್ಯಾಡಿನಲ್ಲಲ್ಲ. ಹಾಗಾಗಿ ಕೀಪ್ಯಾಡ್ ಸತ್ತರೆ ಅದೇ ಮಾದರಿಯ ಇನ್ನೊಂದನ್ನು ಹೊರಗಿನಿಂದ ಜೋಡಿಸಿ ನಿಮ್ಮ ಹಳೆಯ ಕೋಡಿನಿಂದಲೇ ತೆರೆಯಬಹುದು. ಕೊರೆಯುವ ಮಾತು ಬಂದಾಗ ಇದನ್ನು ನೆನಪಿನಲ್ಲಿಡಿ. ಅನಗತ್ಯವಾಗಿ ಹಾಳಾಗುವ ತಿಜೋರಿಯನ್ನು ಇದು ಉಳಿಸುತ್ತದೆ.

ಪ್ರತಿ ಗುಂಡಿಗೂ ಒಂದೇ ಬಗೆಯ ಬೀಪ್ ಬರುತ್ತಿದೆಯೇ ಕೇಳಿಸಿಕೊಳ್ಳಿ. ಒಂದು ಗುಂಡಿಗೆ ಬೀಪ್ ಬಾರದಿದ್ದರೆ ಅಥವಾ ಎರಡು ಸಲ ಬಂದರೆ ಅದರ ಕೆಳಗಿನ ರಬ್ಬರಿನ ಇಂಗಾಲದ ಬೊಟ್ಟು ಸವೆದಿದೆ ಇಲ್ಲವೇ ಕೊಳೆಯಾಗಿದೆ. ಕೋಡಿನಲ್ಲಿ ಬರುವ ಅಂಕಿಗಳೇ ಮೊದಲು ಸವೆಯುವುದು. ಆಲ್ಕೊಹಾಲಿನಿಂದ ಹಗುರವಾಗಿ ಒರೆಸಬಹುದು, ಉಜ್ಜಿ ತಿಕ್ಕಿದರೆ ಇಂಗಾಲದ ಪದರವೇ ಹೋಗುತ್ತದೆ. ಕೀಪ್ಯಾಡ್ ಏನು ಒತ್ತಿದರೂ ಪ್ರತಿಕ್ರಿಯಿಸದೆ ಸ್ತಬ್ಧವಾಗಿದ್ದರೆ ಬ್ಯಾಟರಿ ತೆಗೆದು ಯಾವುದಾದರೂ ಒಂದು ಗುಂಡಿಯನ್ನು 20 ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಅಲ್ಪ ಚಾರ್ಜ್ ಇಳಿದು, ಬ್ಯಾಟರಿ ಮತ್ತೆ ಹಾಕಿದಾಗ ಬೋರ್ಡ್ ಹೊಸದಾಗಿ ಶುರುವಾಗುತ್ತದೆ.

ತಪ್ಪು ಕೋಡಿನ ಶಿಕ್ಷೆಯನ್ನೂ ದೋಷವೆಂದು ಭಾವಿಸಬೇಡಿ. ಮೂರರಿಂದ ಐದು ಸಲ ತಪ್ಪಾದರೆ ತಿಜೋರಿ ಕೆಲವು ನಿಮಿಷ ಏನನ್ನೂ ಸ್ವೀಕರಿಸುವುದಿಲ್ಲ, ಅನೇಕ ಬೀಗಗಳಲ್ಲಿ ಇದು ಐದು ನಿಮಿಷ. ಆ ನಡುವೆ ಒತ್ತುತ್ತಲೇ ಇದ್ದರೆ ಕೆಲವು ಮಾದರಿಗಳಲ್ಲಿ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೈ ತೆಗೆದು ಹದಿನೈದು ನಿಮಿಷ ಬಿಟ್ಟುಬಿಡಿ.

ಹ್ಯಾಂಡಲೇ ಇಲ್ಲದ, ಮೋಟಾರೇ ಅಗುಳಿಗಳನ್ನು ಎಳೆಯುವ ಸಣ್ಣ ತಿಜೋರಿಗಳಲ್ಲಿ ಶಬ್ದವೇ ರೋಗ ಹೇಳುತ್ತದೆ. ಗುರ್ ಎಂದು ಶುರುವಾಗಿ ನಡುವೆ ನಿಂತರೆ ಅಗುಳಿ ಎಲ್ಲೋ ಸಿಕ್ಕಿದೆ ಅಥವಾ ಸೆಲ್ ಸೊರಗಿದೆ. ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿದು ಮತ್ತೆ ಪ್ರಯತ್ನಿಸಿ. ಮೋಟಾರ್ ಪೂರ್ತಿ ಓಡುತ್ತದೆ, ಅಗುಳಿ ಕದಲುವುದಿಲ್ಲ ಎಂದಾದರೆ ಗಿಯರಿನ ಹಲ್ಲು ಮುರಿದಿದೆ.

ಬ್ಯಾಟರಿ ಒಳಗಡೆಯೇ ಇರುವ ತಿಜೋರಿ ಪೂರ್ತಿ ಸತ್ತರೆ ದಾರಿ ಎರಡು. ಮುಂಭಾಗದಲ್ಲಿ ಹೊರಬ್ಯಾಟರಿಗೆ ಸಂಪರ್ಕ ಬಿಂದುಗಳೋ ತೂತೋ ಇರಬಹುದು. ಪ್ಲಸ್ ಮೈನಸ್ ನೋಡಿ ಕೈಪಿಡಿ ಹೇಳಿದ ವೋಲ್ಟೇಜಿನದನ್ನೇ ಜೋಡಿಸಿ. ಇಲ್ಲದಿದ್ದರೆ ಹೆಸರಿನ ಫಲಕದ ಅಥವಾ ಸಣ್ಣ ಮುಚ್ಚಳದ ಹಿಂದೆ ತುರ್ತು ಕೀಲಿಯ ರಂಧ್ರ ಇರುತ್ತದೆ. ಕೀಲಿಯನ್ನು ತಿರುಗಿಸಿ ಬಿಟ್ಟರೆ ಸಾಲದು, ತಿರುಗಿಸಿ ಹಿಡಿದುಕೊಂಡೇ ಹ್ಯಾಂಡಲ್ ತಿರುಗಿಸಬೇಕು. ತೆರೆದ ಮೇಲೆ ಕೀಲಿಯನ್ನು ಮೂಲಸ್ಥಾನಕ್ಕೆ ತಂದು ಹೊರತೆಗೆಯಿರಿ. ಅರ್ಧಕ್ಕೇ ಬಿಟ್ಟರೆ ಕೋಡ್ ಇಲ್ಲದೆಯೂ ಬಾಗಿಲು ತೆರೆಯುವ ಸ್ಥಿತಿ ಉಳಿಯುತ್ತದೆ. ಕೋಡ್ ಹಾಕದೆ ಹ್ಯಾಂಡಲ್ ತಿರುಗುವ ತಿಜೋರಿ ಕಂಡರೆ ಮೊದಲು ಈ ಕೀಲಿಯನ್ನು, ಆಮೇಲೆ ಮರಳಿ ಬಾರದ ಸೊಲೆನಾಯ್ಡ್ ಪಿನ್ನನ್ನು ನೋಡಬೇಕು. ಆ ತುರ್ತು ಕೀಲಿಯನ್ನು ತಿಜೋರಿಯ ಒಳಗೇ ಇಟ್ಟು ಮುಚ್ಚಬೇಡಿ.

ನೀವು ಕೈ ಇಡದೆ ಬೀಗದ ತಂತ್ರಜ್ಞರನ್ನು ಕರೆಯಬೇಕಾದ ಸಂದರ್ಭಗಳು: ಒತ್ತಡ ತೆಗೆದೂ ಹೊಸ ಬ್ಯಾಟರಿ ಹಾಕಿಯೂ ಮುಚ್ಚಿದ ಬಾಗಿಲು ತೆರೆಯದಿದ್ದರೆ, ಹ್ಯಾಂಡಲ್ ಸುಮ್ಮನೆ ಸುತ್ತುತ್ತಿದ್ದರೆ, ತಿಜೋರಿ ಬಿದ್ದು ಅಥವಾ ಬಲವಾದ ಏಟು ತಿಂದು ರೀಲಾಕರ್ ಹಾರಿದ ಅನುಮಾನವಿದ್ದರೆ. ಅವರಿಗೆ ತಿಜೋರಿಯ ಮಾದರಿ, ಕ್ರಮಸಂಖ್ಯೆ, ನೀವೇ ಮಾಲೀಕರೆಂಬ ದಾಖಲೆ ಬೇಕಾಗುತ್ತದೆ. ಕೇಳದೆಯೇ ತೆರೆಯಲು ಒಪ್ಪುವವರನ್ನು ನಂಬಬೇಡಿ. ಯಾವ ಅಂಕಿಗೆ ದೀಪ ಆರುತ್ತದೆ, ಶಬ್ದ ಎಂಥದು, ಹ್ಯಾಂಡಲ್ ಎಷ್ಟು ದೂರ ತಿರುಗಿ ನಿಲ್ಲುತ್ತದೆ ಎಂದು ಬರೆದಿಟ್ಟು ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ.

ನಿಮ್ಮ ತಿಜೋರಿಯ ಮಟ್ಟಿಗೆ ಕ್ರಮ ಹೀಗಿರಲಿ. ಹ್ಯಾಂಡಲನ್ನು ಬೀಗದ ದಿಕ್ಕಿಗೆ ಒತ್ತಿ ಕೋಡ್ ಹಾಕಿ ತೆರೆಯಿರಿ, ಖಾಲಿ ಮಾಡಿ, ಆಲ್ಕಲೈನ್ ಬ್ಯಾಟರಿ ಹಾಕಿ ಭಾರದಲ್ಲಿ ಅಳೆಯಿರಿ, ಕ್ಲಿಪ್ಪನ್ನೂ ತಂತಿಯನ್ನೂ ನೋಡಿ, ತೆರೆದ ಬಾಗಿಲಿನಲ್ಲಿ ಹತ್ತು ಸಲ ಪರೀಕ್ಷಿಸಿ. ಅದರ ಫಲಿತಾಂಶ ನೋಡಿಕೊಂಡು ಬಾಗಿಲಿನ ಕಡೆಗೋ ಬೀಗದ ಕಡೆಗೋ ತಿರುಗಿ. ಸರಿಪಡಿಸಿದ ಮೇಲೆ, ಕೋಡ್ ಬದಲಿಸಿದ್ದರಂತೂ ತಪ್ಪದೆ, ತೆರೆದ ಬಾಗಿಲಿನಲ್ಲೇ ಮತ್ತೆ ಮೂರು ಸಲ ಬೀಗ ಹಾಕಿ ತೆರೆದು ನೋಡಿ. ಆಮೇಲೆ ಖಾಲಿ ತಿಜೋರಿಯನ್ನು ಮುಚ್ಚಿ ಐದು ಸಲ ತೆರೆಯಿರಿ, ಒಂದು ದಿನ ಹಾಗೇ ಬಿಟ್ಟು ಮತ್ತೊಮ್ಮೆ. ಅಷ್ಟೂ ಸಲ ಹ್ಯಾಂಡಲ್ ಎರಡು ಬೆರಳಿನ ಬಲಕ್ಕೆ ತಿರುಗಿದರೆ ಮಾತ್ರ ವಸ್ತುಗಳನ್ನು ಒಳಗಿಡಿ, ಬಾಗಿಲಿಗೆ ತಾಗದಂತೆ ಒಂದಿಷ್ಟು ಜಾಗ ಬಿಟ್ಟು.